ಇವರ ಪಾಲಿನ ತೀರ್ಥ

ಮಾರ್ಚ್ 10, ಸೋಮವಾರ

ಕೊಳ್ಳೇಗಾಲದ ಡಯಾಲಿಸಿಸ್ ಸೆಂಟರಿನ ನರ್ಸು ಕೋಮಲ ಈ ಪುಸ್ತಕ ಕೊಟ್ಟು, ನಮ್ಮವರು ದಿನಕ್ಕೆ ಎಷ್ಟು ನೀರು ಕುಡಿಯುತ್ತಾರೆ ಅಂತ ಬರೆದಿಡಲು ಹೇಳಿದ್ದಾಳೆ. ಮುಕ್ಕಾಲು ಲೀಟರು ಮೀರಬಾರದು. ಕಾಫಿ, ಮಜ್ಜಿಗೆ, ಸಾರು ಎಲ್ಲ ಸೇರಿ. ಮೀರಿದರೆ ನೀರು ಎದೆಗೆ ಏರುತ್ತದಂತೆ. ದಿನಕ್ಕೊಂದು ಹಾಳೆ. ನೀರಿನ ವಿಷಯ ಒಂದು ಸಾಲಿಗೆ ಮುಗಿದು ಹೋಗುತ್ತದೆ, ಮಿಕ್ಕಿದ್ದನ್ನು ಖಾಲಿ ಬಿಡಲು ಮನಸ್ಸು ಬರುವುದಿಲ್ಲ. ಏಳನೇ ಕ್ಲಾಸಿನ ನಂತರ ನಾನು ಇಷ್ಟುದ್ದ ಬರೆದದ್ದು ಇದೇ ಮೊದಲು. ಬಾಯಲ್ಲಿ ಆಡಲಾಗದ್ದು ಬೇಕಾದಷ್ಟಿದೆ, ಬರೆಯುತ್ತೇನೆ.

ಇವತ್ತು ಏಳುನೂರು. ನನಗೆ ಕಾಣದಂತೆ ಕುಡಿದಿದ್ದರೆ ಅದು ಬೇರೆ. ಬಿಂದಿಗೆಗೆ ಹೊರಗಿನಿಂದ ವಿಭೂತಿಯ ಗೆರೆ ಎಳೆದಿದ್ದೇನೆ, ನೀರು ಎಷ್ಟಿತ್ತು ಅಂತ ತಿಳಿಯಲಿ ಎಂದು. ಇವರು ಗೆರೆ ನೋಡಿ ನಕ್ಕರು.

ಸೋಮವಾರದ ಅಭಿಷೇಕ ಮುಗಿಸಿದೆ. ಮೊದಲಾದರೆ ಇವರು ಅಭಿಷೇಕದ ತೀರ್ಥ ಒಂದು ತಂಬಿಗೆಯನ್ನು ನಿಂತ ನಿಲುವಿನಲ್ಲೇ ಕುಡಿದು ಕಾರು ಹತ್ತುತ್ತಿದ್ದರು. ಇಪ್ಪತ್ತು ವರ್ಷ ಯಳಂದೂರಿನಿಂದ ಮಾದಪ್ಪನ ಬೆಟ್ಟಕ್ಕೆ ಭಕ್ತರನ್ನು ಹೊತ್ತ ಕಾರು ಅದು. ಈಗ ಇವರಿಗೆ ಚಮಚದಷ್ಟು ಮಾತ್ರ. ಮಿಕ್ಕ ತೀರ್ಥವನ್ನು ತುಳಿಯುವ ಜಾಗಕ್ಕೆ ಚೆಲ್ಲುವಂತಿಲ್ಲ. ಇವರ ಪಾಲು ಇವರ ವಸ್ತುವಿಗೇ ಸೇರಲಿ ಎಂದು ಕಾರ್ತಿಕ ಮಾಸದಿಂದ ಕಾರಿಗೆ ಹಾಕುತ್ತಿದ್ದೇನೆ. ತಣ್ಣಗಿರುವಾಗ ಬಾನೆಟ್ಟು ಎತ್ತಿ, ಮುಚ್ಚಳ ತಿರುಗಿಸಿ ರೇಡಿಯೇಟರಿಗೆ ನೀರು ಹಾಕುವುದನ್ನು ಇವರೇ ನನಗೆ ಕಲಿಸಿದ್ದು. ವಾರಕ್ಕೆರಡು ಸಲ ಇವರನ್ನು ಮಿಷನ್ನಿನ ಹತ್ತಿರ ಕರೆದೊಯ್ಯುವ ಗಾಡಿ. ಅದರ ಹೊಟ್ಟೆಯಲ್ಲೂ ಮಾದಪ್ಪ ಇರಲಿ.

ಮಾರ್ಚ್ 11, ಮಂಗಳವಾರ

ಕಾರು ಓಡಿಸುವವನು ಮುಳ್ಳೂರಿನ ನಾದಿನಿಯ ಮಗ, ಪ್ರಭುಸ್ವಾಮಿ. ಮಂಗಳವಾರ, ಶುಕ್ರವಾರ ನಮಗೆ. ಮಿಕ್ಕ ದಿನ ಅವನು ಬಾಡಿಗೆ ಹೊಡೆದುಕೊಳ್ಳಬಹುದು, ಆದರೆ ಹನೂರು ದಾಟಿ ಘಾಟಿ ಹತ್ತಿಸಕೂಡದು. ಹಾಗಂತ ಮಾತು. ಹತ್ತಿಸುತ್ತಾನೆ ಅಂತ ನನ್ನ ಅನುಮಾನ.

ಹೊರಡುವುದು ಆರೂಕಾಲಿಗೆ. ಇವನು ಐದೂವರೆಗೇ ಬಂದು ಕಾರಿನ ಮುಂದೆ ಏನೋ ಮಾಡುತ್ತಿದ್ದ. ನಾನು ಕಾಫಿ ಹಿಡಿದು ಬಂದ ಕೂಡಲೇ ಬಾನೆಟ್ಟು ಮುಚ್ಚಿದ. ಶುಕ್ರವಾರ ಹೊತ್ತಿಗೆ ಸರಿಯಾಗಿ ಬರುತ್ತಾನೆ, ಮಂಗಳವಾರ ಮಾತ್ರ ಬೇಗ. ಮಂಗಳವಾರ ಅಂಥದ್ದೇನು?

ಅರ್ಧ ದಾರಿಯಲ್ಲಿ ಇಂಜಿನ್ನಿನ ಬಿಸಿ ತೋರಿಸುವ ಮುಳ್ಳು ಮೇಲಕ್ಕೆ ಏರಿತು. ಇವನು ಕಿಟಕಿಯೆಲ್ಲ ಇಳಿಸಿ, ಹೀಟರ್ ಹಾಕಿದ. ಮಾರ್ಚ್ ತಿಂಗಳಲ್ಲಿ. ಕಾಲಿನ ಹತ್ತಿರ ಒಲೆ ಊದಿದಂತಾಯಿತು.

"ಬ್ಯಾಸ್ಗೇಲಿ ಯಾಕ್ಲಾ ಹೀಟ್ರು?"

"ಇಂಜಿನ್ನಿನ್ ಬಿಸಿ ನಾವೂ ಸ್ವಲ್ಪ ಹಂಚ್ಕಬೇಕು ಕಣತ್ತೆ. ಇಲ್ಲಾಂದ್ರೆ ಅದೊಂದೇ ಬೇಯ್ತದೆ."

ಇವರು ಮುಂದಿನ ಸೀಟಿನಲ್ಲಿ ನಕ್ಕು, "ಬೆವ್ರು ಓಗ್ಲಿ ಬುಡು, ಡಾಕ್ಟ್ರಿಗೆ ಕೆಲ್ಸ ಕಮ್ಮಿ" ಅಂದರು. ಮಾವ ಅಳಿಯ ಇಬ್ಬರೂ ಒಂದೇ. ನನಗೆ ನಗು ಬರಲಿಲ್ಲ. ಮುಳ್ಳು ನಿಜವಾಗಿ ಏರಿತೋ, ಕಾರು ಹಾಳಾಗಿದೆ ಅಂತ ನಮಗೆ ತೋರಿಸಲು ಇವನೇ ಏನೋ ಮಾಡಿದನೋ? ಸಂಕ್ರಾಂತಿಯಲ್ಲಿ ಇವನು ಇವರ ಹತ್ತಿರ, "ಮಾವ, ಈ ಕಾರ್ನ ನಂಗೇ ಕೊಟ್ಬುಡಿ" ಅಂದದ್ದು ನನ್ನ ಕಿವಿಗೆ ಬಿದ್ದಿದೆ. ಕೆಟ್ಟ ಕಾರಾದರೆ ಕಮ್ಮಿ ದುಡ್ಡಿಗೆ ಸಿಗುತ್ತದೆ.

ನೀರು ಆರುನೂರೈವತ್ತು.

ಮಾರ್ಚ್ 14, ಶುಕ್ರವಾರ

ಆರೂಕಾಲಿಗೆ ಬಂದ. ಮುಳ್ಳು ಏರಲಿಲ್ಲ. ನೀರು ಏಳುನೂರು. ಬಿಂದಿಗೆಯ ಗೆರೆ ಸರಿ ಇತ್ತು.

ಮಾರ್ಚ್ 18, ಮಂಗಳವಾರ

ಇವತ್ತು ಕಾರು ದಾರಿಯಲ್ಲೇ ಕುದಿಯಿತು. ಹುಣಸೆ ಮರದ ಕೆಳಗೆ ನಿಲ್ಲಿಸಿದಾಗ ಮುಂದಿನಿಂದ ಹೊಗೆ, ಕೆಳಗೆ ತೊಟ್ಟು ತೊಟ್ಟು ನೀರು. ಮುಚ್ಚಳಕ್ಕೆ ಕೈ ಹಾಕಲು ಹೋದೆ. ಪ್ರಭುಸ್ವಾಮಿ ನನ್ನ ಕೈ ಹಿಡಿದು ಎಳೆದ. ಬಿಸಿಯಲ್ಲಿ ತೆಗೆದರೆ ಮುಖ ಸುಟ್ಟುಹೋಗುತ್ತದಂತೆ. ಅಷ್ಟು ಜೋರಾಗಿ ಎಳೆಯಬೇಕಿರಲಿಲ್ಲ. ಆರುವ ತನಕ ಕಾದು, ಡಿಕ್ಕಿಯಲ್ಲಿದ್ದ ಎರಡು ಕ್ಯಾನು ನೀರು ಹುಯ್ದು, ಎತ್ತಿನ ಗಾಡಿಯ ಹಾಗೆ ಕೊಳ್ಳೇಗಾಲ ಸೇರಿದಾಗ ಮುಕ್ಕಾಲು ಗಂಟೆ ತಡ. ಎರಡು ಕ್ಯಾನು ನೀರು ಮೊದಲೇ ತುಂಬಿಟ್ಟುಕೊಂಡಿದ್ದ. ಕುದಿಯುತ್ತದೆ ಅಂತ ಇವನಿಗೆ ಹೇಗೆ ಗೊತ್ತಿತ್ತು?

ಡಯಾಲಿಸಿಸ್ ನಾಲ್ಕು ಗಂಟೆ ನಡೆಯುತ್ತದೆ. ಅಷ್ಟರಲ್ಲಿ ಕಾರು ತೋರಿಸೋಣ ಅಂದ. ನಾನೂ ಜೊತೆಗೆ ಹೋದೆ. ಮೆಕ್ಯಾನಿಕ್ಕು ಶಾಂತರಾಜು, ಇವರಿಗೆ ಹಳೆಯ ಪರಿಚಯ. ಅವನು ಬೆಲ್ಟು ಸುತ್ತುವ ಚಕ್ರ ಹಿಡಿದು ಅಲ್ಲಾಡಿಸಿದ, ಸಡಿಲ ಹಲ್ಲಿನ ಹಾಗೆ ಆಡಿತು. ವಾಟರ್ ಪಂಪು ಹೋಗಿದೆ, ಅದೇ ಇಂಜಿನ್ನಿನ ಸುತ್ತ ನೀರು ತಿರುಗಿಸುವುದು, ಅದು ನಿಂತರೆ ಇಂಜಿನ್ನು ತನ್ನ ಬಿಸಿಗೆ ತಾನೇ ಸಾಯುತ್ತದೆ ಅಂದ. ಆಮೇಲೆ ಸೋರಿದ ನೀರಿಗೆ ಬೆರಳು ಅದ್ದಿ ಮೂಸಿ, ಪ್ರಭುಸ್ವಾಮಿಯ ಮುಖ ನೋಡಿದ. ಪ್ರಭುಸ್ವಾಮಿ ಬೇಡ ಅನ್ನುವಂತೆ ತಲೆ ಆಡಿಸಿದ. ನಾನು ನೋಡಲಿಲ್ಲ ಅಂದುಕೊಂಡರು.

ಹೊಸ ಪಂಪು ಹಾಕಿದ ಮೇಲೆ ಹಳೆಯದನ್ನು ಕೊಡಿ ಅಂದೆ.

"ತಕಂಡೋಗಿ ಅವ್ವಾರೆ, ನುಗ್ಗೇಕಾಯ್ ಜೊತ್ಗೆ ಸಾರಿಗಾಕಿ" ಅಂದ ಶಾಂತರಾಜು.

ಸೀರೆ ಅಂಗಡಿಯ ಚೀಲದಲ್ಲಿ ಸುತ್ತಿ ತಂದಿದ್ದೇನೆ. ಇವರು ಅದನ್ನು ಕೈಯಲ್ಲಿ ತಿರುಗಿಸಿ ಕಿವಿಯ ಹತ್ತಿರ ಹಿಡಿದು ಕೇಳಿದರು. ಕರಕರ ಅಂದಿತು. ಹೋಗಿರುವುದು ನಿಜ ಅಂದರು. ಹೋಗಿದೆಯೋ, ಹೋಗುವಂತೆ ಮಾಡಿದರೋ ಅಂತ ಕಿವಿಗೆ ಕೇಳಿಸುತ್ತದೆಯೆ?

ಮಾರ್ಚ್ 24, ಸೋಮವಾರ

ಅಭಿಷೇಕ ಚೆನ್ನಾಗಿ ಆಯಿತು. ಹೊಸ ಪಂಪಿಗೆ ದೃಷ್ಟಿ ತಾಕದಿರಲಿ ಎಂದು ಇವತ್ತು ವಿಭೂತಿ ಒಂದು ಚಿಟಿಕೆ ಹೆಚ್ಚೇ ಹಾಕಿದೆ, ಹಾಲೂ ಹೆಚ್ಚು. ಇವರು ಜಗುಲಿಯಲ್ಲಿ ಕೂತು ನಾನು ಕಾರಿಗೆ ತೀರ್ಥ ಹುಯ್ಯುವುದನ್ನೇ ನೋಡುತ್ತಿದ್ದರು. ತುಟಿ ಒಣಗಿತ್ತು. ಇಪ್ಪತ್ತೆಂಟು ವರ್ಷ ಬೇಡಿದ್ದನ್ನೆಲ್ಲ ಮಾಡಿ ಬಡಿಸಿದವಳು ನಾನು, ಈಗ ನೀರಿಗೆ ಕಾವಲು.

ಏಳುನೂರಿಪ್ಪತ್ತು.

ಮಾರ್ಚ್ 25, ಮಂಗಳವಾರ

ಇವತ್ತು ಹಿಡಿದೆ. ಐದು ಗಂಟೆಗೇ ಎದ್ದು ಕಿಟಕಿಯ ಸಂದಿಯಲ್ಲಿ ನಿಂತಿದ್ದೆ. ಪ್ರಭುಸ್ವಾಮಿ ಐದೂಕಾಲಿಗೆ ಬಂದ, ಗೇಟು ಸದ್ದಾಗದಂತೆ ಎತ್ತಿ ಸರಿಸಿದ. ಕಾರಿನ ಕೆಳಗೆ ಮಲಗಿ, ಬೇಸಿನ್ ಇಟ್ಟು ಏನೋ ತಿರುಗಿಸಿದ. ನೀರು ಬಿತ್ತು. ಬೀದಿ ದೀಪದ ಬೆಳಕಿತ್ತು, ಕಣ್ಣಾರೆ ಕಂಡೆ, ಅದು ನೀರಿನ ಬಣ್ಣವಲ್ಲ. ಪಾತ್ರೆ ತೊಳೆದ ಬೂದಿ ನೀರಿನ ಬಣ್ಣ. ಆಮೇಲೆ ಪೈಪು ಹಿಡಿದು ಒಳ್ಳೆಯ ನೀರು ಬಿಟ್ಟ. ಮೂರು ಸಲ ತುಂಬಿಸಿ ಇಳಿಸಿದ.

ಇನ್ನೊಂದು ವಿಚಿತ್ರ. ಆ ಹೊಲಸು ನೀರನ್ನು ಚರಂಡಿಗೆ ಚೆಲ್ಲಬಹುದಿತ್ತು, ಎರಡೇ ಹೆಜ್ಜೆ. ಅದನ್ನು ಬಿಟ್ಟು ಬೇಸಿನ್ನನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, ಅಂಗಳ ಪೂರ್ತಿ ದಾಟಿ ಹೋಗಿ ಬಿಲ್ವದ ಗಿಡದ ಬುಡಕ್ಕೆ ಹುಯ್ದು ಬಂದ. ಗುರುತು ಸಿಗದಂತೆ ಮುಚ್ಚಲು ತಾನೆ?

ಬಾಗಿಲು ತೆಗೆದು ಹೊರಗೆ ಬಂದೆ. ಏನ್ಲಾ ಅದು ಅಂದೆ.

"ಏನಿಲ್ಲ ಕಣತ್ತೆ. ಹಳೇ ಗಾಡಿ ಅಲ್ವಾ, ನೀರು ಬದ್ಲಾಯಿಸ್ತಾ ಇವ್ನಿ."

ನನ್ನ ಮುಖ ನೋಡಲಿಲ್ಲ. ತಪ್ಪು ಮಾಡದವನು ನೆಲ ಯಾಕೆ ನೋಡುತ್ತಾನೆ? ಇವರಿಗೆ ಹೇಳಿದೆ. "ಅವ್ನ ಕೆಲ್ಸ ಅವ್ನು ಮಾಡ್ಲಿ, ಸುಮ್ಕಿರಮ್ಮಿ" ಅಂದು ಮಗ್ಗುಲಾದರು. ಇವರಿಗೆ ತಂಗಿಯ ಮಗನ ಮೇಲೆ ಕಣ್ಣು ಮುಚ್ಚಿದ ನಂಬಿಕೆ.

ಏಪ್ರಿಲ್ 1, ಮಂಗಳವಾರ

ಹಬ್ಬ ಮುಗಿದ ಆಯಾಸವೋ ಏನೋ, ಪ್ರಭುಸ್ವಾಮಿ ಇವತ್ತು ತಡವಾಗಿ ಬಂದ, ಆರೂವರೆ. ಬಂದವನೇ ಬಾನೆಟ್ಟು ಎತ್ತಲು ಹೋದ. ಹೊತ್ತಾಯಿತು, ಕಾರು ಹತ್ತು ಅಂದೆ. ಹತ್ತು ನಿಮಿಷ ಕೊಡಿ ಅತ್ತೆ ಅಂದ. ಕೊಡಲಿಲ್ಲ. ಏನು ಮಾಡಲೂ ಬಿಡದೆ ಹೊರಡಿಸಿದರೆ ಕಾರು ಹೇಗೆ ಓಡುತ್ತದೆ ನೋಡೋಣ ಅಂತ ನನ್ನ ಮನಸ್ಸಿನಲ್ಲಿತ್ತು.

ಕೊಳ್ಳೇಗಾಲದ ಮನೆಗಳು ಕಾಣುವ ಹೊತ್ತಿಗೆ ಕುದಿಯಿತು. ಹೊಸ ಪಂಪು ಹಾಕಿ ಹದಿನೈದು ದಿನ ಆಗಿಲ್ಲ. ಇವರನ್ನು ಆಟೋದಲ್ಲಿ ಸೆಂಟರಿಗೆ ಕಳಿಸಿ, ನಾನು ಕಾರಿನ ಜೊತೆ ಶಾಂತರಾಜುವಿನ ಶೆಡ್ಡಿಗೆ ಹೋದೆ. ಹಳೆಯ ಪಂಪನ್ನೇ ಉಜ್ಜಿ ಹಾಕಿದ್ದೀಯಾ ಅಂತ ಮುಖಕ್ಕೇ ಕೇಳಿದೆ. ಅವನು ಒಂದು ಪೈಪು ಬಿಚ್ಚಿ ಒಳಗೆ ಬೆರಳು ತಿರುಗಿಸಿ ತೆಗೆದು ತೋರಿಸಿದ. ಬೆರಳ ತುಂಬ ಬೂದು ಕೆಸರು. ಉಜ್ಜಿದರೆ ನುಣ್ಣಗೆ, ನಡುನಡುವೆ ಮರಳಿನ ಹಾಗೆ ಕೈಗೆ ಸಿಗುವಂಥದ್ದು.

"ಯಾವ ಪಂಪ್ ಆಕಿದ್ರೂ ಇಷ್ಟೇ ಅವ್ವಾರೆ. ಬೂದಿ ಇದು. ಒಳ್ಗಿದ್ದು ಸೀಲ್ನೆಲ್ಲ ತಿಂದಾಕ್ತದೆ."

ಪ್ರಭುಸ್ವಾಮಿ ಅವನ ಮಾತು ಅರ್ಧದಲ್ಲೇ ತಡೆದು, "ಬೋರ್ ನೀರಿನ್ ಉಪ್ಪು ಕಣಣ್ಣ ಅದು" ಅಂದ. ಸುಳ್ಳು. ನಮ್ಮ ಮನೆಗೆ ಬರುವುದು ನಲ್ಲಿಯ ನೀರು, ಬೋರಿನದಲ್ಲ. ಅದು ಅವನಿಗೂ ಗೊತ್ತು.

ಇವರು ಸಂಜೆ ಮೆಟ್ಟಿಲು ಹತ್ತುವಾಗ ಎರಡು ಕಡೆ ನಿಂತರು. ನೀರು ಆರುನೂರು.

ಏಪ್ರಿಲ್ 2, ಬುಧವಾರ

ಪಕ್ಕದ ಮನೆಯ ಪುಟ್ಟಮಾದಮ್ಮನಿಗೆ ಹೇಳಿಬಿಟ್ಟೆ. ಕಾರಿನ ಹೊಟ್ಟೆಯಲ್ಲಿ ಬೂದಿ ಅಂದ ಕೂಡಲೇ ಅವಳು ಎದೆ ಮುಟ್ಟಿಕೊಂಡು, ಮಾಟದ ಬೂದಿ ಅಂದಳು. ಮನುಷ್ಯನಿಗೆ ತಾಕದಿದ್ದರೆ ಅವನು ಕೂರುವ ಗಾಡಿಗೆ ಹಾಕುತ್ತಾರಂತೆ. ಯಾರಿಗೆ ಲಾಭವೋ ಅವರನ್ನು ವಿಚಾರಿಸು ಅಂದಳು. ನಾನು ಯಾರ ಹೆಸರೂ ಹೇಳಲಿಲ್ಲ. ಅವಳೂ ಹೇಳಲಿಲ್ಲ. ಇಬ್ಬರಿಗೂ ಗೊತ್ತಾಯಿತು.

ಇವರು ಜಗುಲಿಯಲ್ಲಿ ಏದುಸಿರು ಬಿಡುತ್ತಾ ಕೂತಿದ್ದರು. ಈ ಉಸಿರಿಗೆ ಕೈ ಹಾಕಿದವರನ್ನು ನಾನು ಬಿಡುವುದಿಲ್ಲ.

ಏಪ್ರಿಲ್ 7, ಸೋಮವಾರ

ಬೆಳಿಗ್ಗೆ ಅಭಿಷೇಕ ಮುಗಿಸಿ, ಎಂದಿನಂತೆ ಇವರ ಪಾಲನ್ನು ಕಾರಿಗೆ ಹಾಕಿದೆ. ಮಾಟ ಮುರಿಯಲಿ ಎಂದು ಎರಡು ತಂಬಿಗೆ. ಅವಸರದಲ್ಲಿ ಸೋಸಲಿಲ್ಲ.

ಮಧ್ಯಾಹ್ನ ಪ್ರಭುಸ್ವಾಮಿಗೆ ಫೋನು ಮಾಡಿ, ಬೀದಿಯ ಕೊನೆಯ ಮಾದಪ್ಪನ ಗುಡಿಗೆ ಬಾ ಅಂದೆ. ಇವರಿಗೆ ಹೇಳಲಿಲ್ಲ. ಗುಡಿಯ ಕಲ್ಲಿನ ಮೇಲೆ ಕರ್ಪೂರ ಹಚ್ಚಿ, ಕಾರಿಗೆ ಬೂದಿ ನೀನು ಹಾಕಿಲ್ಲ ಅಂತ ಅದನ್ನು ಅಂಗೈಯಲ್ಲಿ ಆರಿಸಿ ಆಣೆ ಮಾಡು ಅಂದೆ.

ಅವನ ಮುಖ ಸಣ್ಣದಾಯಿತು. ಅಂಗೈಯನ್ನು ಉರಿಯ ಮೇಲೆ ಒತ್ತಿದ.

"ನಾನ್ ಆಕಿಲ್ಲ. ಮಾದಪ್ಪನಾಣೆ."

ಕರ್ಪೂರ ಆರಿತು. ಒಂದು ಗಳಿಗೆ ನನ್ನ ಮನಸ್ಸು ಹಿಂದೆ ಸರಿಯಿತು. ಆಮೇಲೆ ಇನ್ನೊಂದು ಬಿಲ್ಲೆ ಇಟ್ಟು ಹಚ್ಚಿದೆ.

"ಯಾರ್ ಆಕ್ದೋರು ಅಂತ ಗೊತ್ತಿಲ್ಲ ಅಂತ್ಲೂ ಆಣೆ ಮಾಡು."

ಕೈ ಎತ್ತಿದವನು ಅರ್ಧದಲ್ಲೇ ನಿಲ್ಲಿಸಿದ. ಕರ್ಪೂರ ಉರಿದು ಉರಿದು ತಾನೇ ಆರಿತು.

"ಅದೊಂದ್ ಆಗಲ್ಲ ಕಣತ್ತೆ."

ಕಾರಿನ ಕೀ ತೆಗೆದು ಗುಡಿಯ ಮೆಟ್ಟಿಲ ಮೇಲೆ ಇಟ್ಟ. ಹೋಗುತ್ತಾ ತಿರುಗಿ, "ನಾಳೆ ಒರಡೋ ಮುಂಚೆ ನೀರು ಬದ್ಲಾಯಿಸ್ಕಳಿ, ಯಾರ್ ಕೈಲಾದ್ರೂ" ಅಂದ. ಇನ್ನೂ ಅದೇ ನಾಟಕ.

ಗೊತ್ತಿದ್ದೂ ಹೇಳದವನು ಹಾಕಿದವನಿಗೆ ಸಮ. ಇವರಿಗೆ, ಪ್ರಭುಸ್ವಾಮಿಗೆ ನಾಳೆ ದೂರದ ಬಾಡಿಗೆ ಇದೆಯಂತೆ ಅಂದೆ. ನಾನು ಸುಳ್ಳು ಹೇಳಿ ಎಷ್ಟು ವರ್ಷವಾಯಿತೋ. ರಿಟೈರಾದ ಬಸ್ಸಿನ ಡ್ರೈವರು ದೊಡ್ಡಮಾದಪ್ಪನವರು ಬರಲು ಒಪ್ಪಿದ್ದಾರೆ.

ಏಪ್ರಿಲ್ 8, ಮಂಗಳವಾರ

ಇವತ್ತು ಬರೆಯಲಾರೆ. ಇವರು ಆಸ್ಪತ್ರೆಯಲ್ಲೇ ಇದ್ದಾರೆ. ಮೂಗಿಗೆ ಆಕ್ಸಿಜನ್ನು. ನೀರು ಎಷ್ಟೋ ಗೊತ್ತಿಲ್ಲ.

ಏಪ್ರಿಲ್ 10, ಗುರುವಾರ

ನಿನ್ನೆ ಸಂಜೆ ಮನೆಗೆ ಕರೆತಂದೆ. ಉಸಿರು ಪರವಾಗಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ದೊಡ್ಡಮಾದಪ್ಪನವರಿಗೆ ಬಸ್ಸಿನ ಅಭ್ಯಾಸ, ಮುಳ್ಳಿನ ಕಡೆ ನೋಡಲೇ ಇಲ್ಲ. ನಾನೂ ನೋಡಲಿಲ್ಲ. ಪ್ರಭುಸ್ವಾಮಿ ಇಲ್ಲದ ಮೇಲೆ ಕಾರು ಕೆಡುವುದಿಲ್ಲ ಅನ್ನುವ ಧೈರ್ಯ. ಇವರು ಮಾತ್ರ ಕಣ್ಣು ಮುಚ್ಚಿಕೊಂಡೇ ಕೇಳಿಸಿಕೊಂಡು, ಇಂಜಿನ್ನಿನ ಸದ್ದು ಬೇರೆಯಾಗಿದೆ, ನಿಲ್ಲಿಸಯ್ಯಾ ಅಂದರು. ನಿಲ್ಲಿಸುವ ಹೊತ್ತಿಗೆ ಬಾನೆಟ್ಟಿನ ಸುತ್ತ ಆವಿ ಎದ್ದು ರಸ್ತೆಯೇ ಕಾಣಲಿಲ್ಲ. ಕ್ಯಾನಿನಲ್ಲಿ ನೀರೂ ಇರಲಿಲ್ಲ. ತುಂಬಿಡುತ್ತಿದ್ದವನು ಅವನು.

ಬಾಳೆಗೊನೆ ತುಂಬಿಕೊಂಡು ಹೋಗುತ್ತಿದ್ದ ಗೂಡ್ಸ್ ಆಟೋದವನು ಪುಣ್ಯಾತ್ಮ, ಗೊನೆ ಸರಿಸಿ ಜಾಗ ಮಾಡಿದ. ಇವರು ನನ್ನ ಹೆಗಲಿಗೆ ಒರಗಿ, ಬಾಯಿ ತೆರೆದು ಉಸಿರು ಎಳೆಯುತ್ತಿದ್ದರು. ಮುಟ್ಟುವ ಹೊತ್ತಿಗೆ ಒಂದೂವರೆ ಗಂಟೆ ತಡ. ಕೋಮಲ ಓಡಿ ಬಂದು ಕೂರಿಸಿದಳು. ಎದೆಯಲ್ಲಿ ನೀರು ಸೇರಿದೆ, ಇನ್ನಷ್ಟು ತಡವಾಗಿದ್ದರೆ ತನ್ನ ಕೈಯಲ್ಲಿ ಇರುತ್ತಿರಲಿಲ್ಲ ಅಂದಳು. ನನ್ನ ಕೈಯಲ್ಲೂ ಇರುತ್ತಿರಲಿಲ್ಲ.

ಮಿಷನ್ನು ಹಾಕಿದ ಮೇಲೆ, ಇವರು ನಿದ್ದೆ ಹೋದ ಮೇಲೆ, ಶೆಡ್ಡಿಗೆ ನಡೆದುಕೊಂಡೇ ಹೋದೆ. ದೊಡ್ಡಮಾದಪ್ಪನವರು ಕಾರನ್ನು ಟ್ರ್ಯಾಕ್ಟರಿಗೆ ಕಟ್ಟಿಸಿ ಎಳೆಸಿದ್ದರು. ಪೊಲೀಸಿಗೆ ಕೊಡುತ್ತೇನೆ, ಈ ಮಾಟ ಯಾರ ಕೈವಾಡ ಅಂತ ಬಿಡಿಸಿ ಹೇಳು ಅಂದೆ. ಶಾಂತರಾಜು ರೇಡಿಯೇಟರು ಬಿಚ್ಚಿ, ಮೇಲಿನ ತೊಟ್ಟಿ ತೆಗೆದು, ಒಳಗಿದ್ದದ್ದನ್ನು ಹಳೆಯ ಬನಿಯನ್ನಿನ ಬಟ್ಟೆಯ ಮೇಲೆ ಸುರಿದು ನನ್ನ ಮುಂದೆ ಇಟ್ಟ. ಬೂದು ಮುದ್ದೆ. ಸೀದ ಹಾಲಿನ ವಾಸನೆ. ಮುದ್ದೆಯ ನಡುವೆ, ಬೆಂದು ಕಪ್ಪಾಗಿ, ಆದರೂ ಮೂರು ಎಲೆಯೂ ತೊಟ್ಟೂ ಹಾಗೇ ಇದ್ದ ಒಂದು ಬಿಲ್ವಪತ್ರೆ.

"ಮಾಟ ಮಾಡೋನು ಬಿಲ್ವ ಆಕ್ತಾನಾ ಅವ್ವಾರೆ?" ಅಂದ.

ನಾನು ನಿಂತಿದ್ದವಳು ಅಲ್ಲಿದ್ದ ಟೈರಿನ ಮೇಲೆ ಕೂತೆ.

ಪ್ರಭುಸ್ವಾಮಿ ಕಾರ್ತಿಕದಿಂದ ಪ್ರತಿ ಮಂಗಳವಾರ ಮುಂಜಾನೆ ಅದನ್ನು ತೊಳೆದು ತೆಗೆಯುತ್ತಿದ್ದನಂತೆ. ಇವರನ್ನು ಸೆಂಟರಿಗೆ ಬಿಟ್ಟು ಎಷ್ಟೋ ಸಲ ಶೆಡ್ಡಿಗೂ ತಂದು ಗಾಳಿ ಹೊಡೆಸುತ್ತಿದ್ದನಂತೆ. ಅತ್ತೆಗೆ ಹೇಳಬೇಡ ಅಂತ ಶಾಂತರಾಜುವಿನ ಕೈಯಲ್ಲಿ ಮಾತು ತೆಗೆದುಕೊಂಡಿದ್ದನಂತೆ. "ಅತ್ತೆ ಆಕದು ದೇವ್ರಿಗೆ, ನಾನ್ ತೊಳ್ಯದು ಗಾಡೀನ, ಇಬ್ರ ಕೆಲ್ಸಾನೂ ನಡೀಲಿ ಅಂತಿದ್ದ" ಅಂದ. ಇನ್ನೊಂದು ಮೈಲಿ ಓಡಿಸಿದ್ದರೆ ಇಂಜಿನ್ನೇ ಬಿರಿಯುತ್ತಿತ್ತು, ಮಾದಪ್ಪ ಉಳಿಸಿದ ಅಂತಲೂ ಅಂದ. ಮಾದಪ್ಪನ ಹೆಸರು ಕೇಳಿ ನಾನು ತಲೆ ಎತ್ತಲಿಲ್ಲ.

ಇವತ್ತು ಬೆಳಿಗ್ಗೆ ಇವರ ಹಾಸಿಗೆಯ ಹತ್ತಿರ ಕೂತು ಎಲ್ಲ ಹೇಳಿದೆ. ಕರ್ಪೂರದ ವಿಷಯವನ್ನೂ. ಕರ್ಪೂರದ ಮಾತಿಗೆ ಇವರು ಕಣ್ಣು ಮುಚ್ಚಿದರು. ಅವನಿಗೆ ಬಾಯಿ ಕಟ್ಟಿದ್ದು ಇವರೇ.

"ನಂಗೆ ಗೊತ್ತಿತ್ತು ಕಣಮ್ಮಿ. ನಾನೇ ಅವ್ನಿಗೆ ಯೋಳ್ಬ್ಯಾಡ ಅಂದಿದ್ದು. ಡಾಕ್ಟ್ರು ತೀರ್ಥನೂ ಕಿತ್ಕಂಡ್ರು. ಜಗುಲೀಲಿ ಕೂತು, ನೀನು ಅದಕ್ಕೆ ಉಯ್ಯೋದ ನೋಡ್ತಿದ್ರೆ, ನನ್ ಗಂಟ್ಲಲ್ಲಿ ಇಳ್ದಂಗೇ ಆಗೋದು."

ನಾನು ಎದ್ದು ಬಂದೆ. ಅಡುಗೆಮನೆಯಲ್ಲಿ ಸ್ವಲ್ಪ ಹೊತ್ತು ಕೆಲಸವಿತ್ತು.

ಆರುನೂರು.

ಏಪ್ರಿಲ್ 11, ಶುಕ್ರವಾರ

ಬಾಡಿಗೆ ಆಟೋದಲ್ಲಿ ಹೋಗಿ ಬಂದೆವು. ದಾರಿಯುದ್ದಕ್ಕೂ ಎತ್ತಿ ಹಾಕಿತು. ಇವರು ಒಂದು ಮಾತೂ ಆಡಲಿಲ್ಲ, ನನ್ನ ಮೇಲಿನ ಸಿಟ್ಟಿಗಲ್ಲ, ಉಸಿರು ಉಳಿಸಿಕೊಳ್ಳಲು. ಶಾಂತರಾಜು ಕಾರನ್ನು ನಾಳೆ ಕೊಡುತ್ತಾನೆ. ಓಡಿಸುವವರು?

ಬಿಲ್ವದ ಗಿಡದ ಹತ್ತಿರ ಹೋಗಿ ನೋಡಿದೆ. ಬುಡದ ಮಣ್ಣು ಒಂದು ಸುತ್ತು ಬೆಳ್ಳಗಾಗಿದೆ. ಐದು ತಿಂಗಳ ಮಂಗಳವಾರಗಳು. ಒಂದು ಹನಿಯನ್ನೂ ಅವನು ತುಳಿಯುವ ಜಾಗಕ್ಕೆ ಚೆಲ್ಲಿರಲಿಲ್ಲ.

ಏಪ್ರಿಲ್ 13, ಭಾನುವಾರ

ಮುಳ್ಳೂರಿಗೆ ಹೋಗಿದ್ದೆ. ಬಸ್ಸಿನಲ್ಲಿ ಕೂತಾಗ ಹೇಳಬೇಕಾದದ್ದನ್ನು ಹತ್ತು ಸಲ ಜೋಡಿಸಿಕೊಂಡೆ, ಇಳಿಯುವಾಗ ಒಂದೂ ನೆನಪಿರಲಿಲ್ಲ.

ನಾದಿನಿ ಪುಟ್ಟಗೌರಮ್ಮ ರಾಗಿ ಕೇರುತ್ತಿದ್ದಳು. ಎದ್ದು ಬಂದು ನೀರು ಕೊಟ್ಟು, ಅಣ್ಣ ಹೇಗಿದ್ದಾನೆ ಅಂತ ಕೇಳಿದಳು. ಆಮೇಲೆ, "ಕಾರು ರಿಪೇರಿಗೆ ಬುಟ್ಟಿದ್ದೀರಂತಲ್ಲ ಅತ್ಗೆ, ಅದ್ಕೇ ನಮ್ ಪ್ರಭು ಮನೇಲವ್ನೆ" ಅಂದಳು. ಅವನು ಹೆತ್ತ ತಾಯಿಗೂ ಹೇಳಿರಲಿಲ್ಲ. ನಾನು ಸುಮ್ಮನೆ ಹೂಂ ಅಂದು, ಕಾಫಿ ಕುಡಿದು, ನಾಳೆಯಿಂದ ಬಾರಪ್ಪ ಅಂದು ಬಂದುಬಿಡಬಹುದಿತ್ತು. ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಪ್ರಭು ಹಿತ್ತಲಿನಿಂದ ಬಂದು ನನ್ನನ್ನು ನೋಡಿ ನಿಂತ. ಬಲಗೈಯ ನಡುವೆ ಕಪ್ಪು ಚುಕ್ಕೆ, ಕರ್ಪೂರದ್ದು.

ಸೆರಗಿನ ಗಂಟು ಬಿಚ್ಚಿ, ಅವರ ದೇವರ ಗೂಡಿನ ಮುಂದೆ ಕರ್ಪೂರ ಹಚ್ಚಿದೆ. ಪುಟ್ಟಗೌರಮ್ಮ ಮೊರ ಹಿಡಿದುಕೊಂಡೇ ಬಂದು ನಿಂತಳು. ಅಂಗೈ ಒತ್ತಿದೆ. ಅವನು ಹೇಗೆ ಸುಮ್ಮನಿದ್ದನೋ, ನನಗೆ ಕೂಗುವಷ್ಟು ಸುಟ್ಟಿತು.

"ಕಾರಿಗೆ ಬೂದಿ ಆಕ್ದೋಳು ನಾನು. ಇವ್ನ ಮ್ಯಾಲೆ ಒರ್ಸ್ದೋಳೂ ನಾನು. ಮಾದಪ್ಪನಾಣೆ."

ಪುಟ್ಟಗೌರಮ್ಮನ ಮುಖ ಕೆಂಪಾಗುತ್ತಾ ಬಂತು. ಅವಳು ಬೈಯಲು ಬಾಯಿ ತೆರೆಯುವ ಮೊದಲೇ ಪ್ರಭು ಕೊಬ್ಬರಿ ಎಣ್ಣೆಯ ಬಾಟಲಿ ತಂದು ನನ್ನ ಮುಂದೆ ಇಟ್ಟ.

"ಬೂದಿ ಅನ್ಬ್ಯಾಡಿ ಅತ್ತೆ. ವಿಭೂತಿ ಅನ್ನಿ."

ಬಸ್ಸಿಗೆ ಅವನೇ ಹತ್ತಿಸಿದ. ಕಾರು ತರಲು ಈಗಲೇ ಕೊಳ್ಳೇಗಾಲಕ್ಕೆ ಹೋಗುತ್ತೇನೆ ಅಂದ. ಘಾಟಿ ಹತ್ತಿಸುತ್ತಿದ್ದೆಯಾ ಅಂತ ಕೇಳಬೇಕು ಅಂದುಕೊಂಡೆ. ಬಸ್ಸು ಹೊರಟುಬಿಟ್ಟಿತು.

ಏಪ್ರಿಲ್ 14, ಸೋಮವಾರ

ಪ್ರಭುವಿಗೆ, ಮಂಗಳವಾರದ ತನಕ ಕಾಯಬೇಡ, ಸೋಮವಾರವೇ ಸ್ನಾನ ಮಾಡಿ, ಏನೂ ತಿನ್ನದೆ ಬಾ ಅಂದಿದ್ದೆ. ಬಂದ. ಅಭಿಷೇಕ ಮುಗಿಸಿ ಇವರಿಗೆ ಒಂದು ಚಮಚ ಕೊಟ್ಟೆ. ತಂಬಿಗೆ ಹಿಡಿದು ಅಂಗಳಕ್ಕೆ ಇಳಿದಾಗ ಪ್ರಭು ಗಾಬರಿಯಿಂದ ಕಾರಿಗೂ ನನಗೂ ನಡುವೆ ಬಂದು ನಿಂತ. ಜಗುಲಿಯಲ್ಲಿ ಇವರು ನಕ್ಕು, ನಕ್ಕು ಕೆಮ್ಮಿದರು.

"ಕೈ ನೀಡ್ಲಾ" ಅಂದೆ. "ನಿಮ್ ಮಾವನ ಪಾಲು."

ಬೊಗಸೆ ಒಡ್ಡಿದ. ಹುಯ್ದೆ. ಕುಡಿದ. ಮತ್ತೆ ಒಡ್ಡಿದ. ತಂಬಿಗೆ ಮುಗಿಯುವ ತನಕ. ಹಸಿ ಕೈಯನ್ನು ತಲೆಗೆ ಸವರಿಕೊಂಡ. ಇವರು ಅವನ ಗಂಟಲನ್ನೇ ನೋಡುತ್ತಿದ್ದರು.

ಏಳುನೂರು ಇರಬೇಕು. ಬಿಂದಿಗೆಗೆ ಗೆರೆ ಎಳೆಯಲು ಮರೆತೆ.

ಏಪ್ರಿಲ್ 15, ಮಂಗಳವಾರ

ನಾನು ಐದಕ್ಕೇ ಎದ್ದು ಕಾಫಿಗೆ ನೀರಿಟ್ಟಿದ್ದೆ. ಅಭ್ಯಾಸಕ್ಕೆ ಕಿಟಕಿಯ ಹತ್ತಿರ ಹೋದೆ. ಅಂಗಳದಲ್ಲಿ ಯಾರೂ ಇಲ್ಲ. ಕಾರಿನ ಮೇಲೆ ಇಬ್ಬನಿ ಹಾಗೇ ಇತ್ತು.

ಪ್ರಭು ಇವತ್ತು ಬೇಗ ಬರಲಿಲ್ಲ. ಆರೂಕಾಲಿಗೆ ಸರಿಯಾಗಿ ಬಂದ.